ಸವೆದ ಮುದ್ರಿಕೆಯೂ ವಿಮರ್ಶಕನ ಕಿವಿಯೂ

ಕೆಲವು ದಿನಗಳ ಹಿಂದೆ ನಮ್ಮ ಕಾಲೇಜಿನ ಸಾಹಿತ್ಯ ಸಂಘದ ಸಂಜೆಯ ಕೂಟದಲ್ಲಿ ವಿದ್ಯಾರ್ಥಿಗಳಿಗೆ ಒಂದು ಹಳೆಯ ಧ್ವನಿಮುದ್ರಣವನ್ನು ಕೇಳಿಸಿದೆ. ಪಾಶ್ಚಾತ್ಯ ವಾದ್ಯವೃಂದವೊಂದು ಸಭೆಯ ಮುಂದೆ ನುಡಿಸಿದ್ದು, ಮುದ್ರಣವಾದದ್ದು 1950ರಲ್ಲಿ. ಮೂರು ನಿಮಿಷ ಕಳೆಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಇದರಲ್ಲಿ ಸಂಗೀತ ಎಲ್ಲಿದೆ? ಒಗ್ಗರಣೆಗೆ ಸಾಸಿವೆ ಸಿಡಿಯುವುದು ಮಾತ್ರ ಕೇಳುತ್ತದೆ” ಎಂದ. ಸಭೆ ನಕ್ಕಿತು. ನನ್ನ ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ನಗಲಿಲ್ಲ. ಅವರು ಕಣ್ಣು ಮುಚ್ಚಿ ತಲೆದೂಗುತ್ತ, “ಹಳೆಯದರ ಗಾಂಭೀರ್ಯವೇ ಬೇರೆ, ಈಗಿನವರಿಗೆ ಇದು ಬರಲಿಕ್ಕಿಲ್ಲ” ಎಂದರು. ಹುಡುಗ ಕೇಳಿದ್ದು ಸಿಡಿತವನ್ನು; ಸಹೋದ್ಯೋಗಿಗಳು ಕೇಳಿದ್ದು ಹಳೆತನವನ್ನು. ಹಾಡಿದವರನ್ನೂ ನುಡಿಸಿದವರನ್ನೂ ಕೇಳಿದವರು ಯಾರೆಂಬ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಮನೆಗೆ ಬಂದೆ.

ಆ ಮುದ್ರಣವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಹೊರನೋಟಕ್ಕೆ ಅದು ಲಂಡನ್ನಿನದಾದರೂ ಅದರ ಹಿಂದಿದ್ದ ಹಂಬಲ ಮೈಸೂರಿನದು. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸ್ ಅವರು 1948ರಲ್ಲಿ, ಎಂಬತ್ತನಾಲ್ಕರ ಸುಮಾರಿನ ವಯಸ್ಸಿನಲ್ಲಿ, ಒಂದು ಸ್ತ್ರೀಕಂಠಕ್ಕೂ ಪೂರ್ಣ ವಾದ್ಯವೃಂದಕ್ಕೂ ಹೊಂದುವಂತೆ ನಾಲ್ಕು ಗೀತೆಗಳನ್ನು ರಚಿಸಿದರು. ಮರುವರ್ಷ ಸೆಪ್ಟೆಂಬರ್ 8ರಂದು ತೀರಿಕೊಂಡರು. ಅವನ್ನು ಸಭೆಯಲ್ಲಿ ಕೇಳುವ ಭಾಗ್ಯ ಅವರಿಗೆ ಬರಲಿಲ್ಲ. ‘ನಾಲ್ಕು ಕೊನೆಯ ಗೀತೆಗಳು’ ಎಂದು ಇಂದು ಲೋಕಪ್ರಸಿದ್ಧವಾಗಿರುವ ಆ ಕೃತಿ ಮೊದಲಬಾರಿಗೆ ಸಭೆಯಲ್ಲಿ ಮೊಳಗಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ನಾರ್ವೆಯ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್. ನುಡಿಸಿದ್ದು ಫಿಲ್ಹಾರ್ಮೋನಿಯಾ ವಾದ್ಯವೃಂದ. ವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಕಚೇರಿಗೆ 4,800 ಡಾಲರುಗಳ ಹೊಣೆ ಹೊತ್ತವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು. ಅವರಿಗೆ ಅಂದು ಸಭೆಗೆ ಹೋಗುವುದು ಸಾಧ್ಯವಿರಲಿಲ್ಲ. ಆದುದರಿಂದ ಕಚೇರಿಯನ್ನು ಮುದ್ರಿಸಿ, ಆಗಲೇ ಸುಮಾರು 20,000 ಮುದ್ರಿಕೆಗಳಿದ್ದವೆಂದು ಹೇಳಲಾಗುವ ಅವರ ಸಂಗ್ರಹಕ್ಕೆ ಕಳುಹಿಸಿಕೊಡುವ ಏರ್ಪಾಡಾಯಿತು. ಸ್ವತಃ 94 ಕೃತಿಗಳನ್ನು ರಚಿಸಿದ ಕರ್ಣಾಟಕ ಸಂಗೀತದ ವಾಗ್ಗೇಯಕಾರರೊಬ್ಬರು, ಮೂವತ್ತರ ಹರೆಯದಲ್ಲಿ, ಸಮುದ್ರದಾಚೆಯ ಒಂದು ಸಂಜೆಯನ್ನು ತಟ್ಟೆಯ ಮೇಲೆ ಬರೆಯಿಸಿಕೊಂಡು ತರಿಸಿದ ಕತೆ ಇದು.

ಮಂಗಳೂರಿನವರಿಗೆ ಇದರಲ್ಲಿ ಇನ್ನೊಂದು ಎಳೆಯೂ ಉಂಟು. ಆ ನಾಲ್ಕು ಗೀತೆಗಳಲ್ಲಿ ಮೂರರ ಕವಿ ಹೆರ್ಮನ್ ಹೆಸ್ಸೆ. ಅವರ ತಂದೆ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ನಮ್ಮ ಈ ಪಶ್ಚಿಮ ಕರಾವಳಿಯಲ್ಲಿ ದುಡಿದವರು. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಮಲಯಾಳ ನಿಘಂಟಿನ ಹೆರ್ಮನ್ ಗುಂಡರ್ಟ್. ಇದು ವಿಷಯಾಂತರವೆಂದು ಬಲ್ಲೆ. ಆದರೂ ಕಿಟ್ಟೆಲರ ನಿಘಂಟನ್ನು ಅಚ್ಚುಹಾಕಿದ ಊರಿನಲ್ಲಿ ಕುಳಿತು ಬರೆಯುವವನಿಗೆ ಇಷ್ಟು ಸಲಿಗೆಯನ್ನು ವಾಚಕರು ಕೊಟ್ಟಾರು.

ಇನ್ನು ಆ ಮುದ್ರಿಕೆಯ ಪಾಡು. ಅಂದಿನ ಹಾಡಿಕೆಯನ್ನು ಅಸಿಟೇಟ್ ಎಂದು ಕರೆಯುವ ತಟ್ಟೆಗಳ ಮೇಲೆ ಕೊರೆದರು. ಅಲ್ಯೂಮಿನಿಯಂ ಹಲಗೆಯ ಮೇಲೆ ಮೆದುವಾದ ಅರಗಿನಂಥ ಲೇಪ. ಮುಳ್ಳು ಆ ಲೇಪದಲ್ಲಿ ಗೆರೆ ಕೊರೆಯುತ್ತದೆ. ಅಚ್ಚಿಗೆ ಕಾಯದೆ ಒಡನೆಯೇ ಕೇಳಬಹುದೆಂಬುದು ಅದರ ಗುಣ; ಕೇಳಿದಷ್ಟು ಸಲವೂ ಸವೆಯುತ್ತದೆಂಬುದು ಅದರ ಶಾಪ. ಪ್ರೀತಿಯಿಂದ ಹತ್ತು ಸಲ ಕೇಳಿದ ತಟ್ಟೆ, ಮೂಲೆಗೆಸೆದ ತಟ್ಟೆಗಿಂತ ಹೆಚ್ಚು ಹಾಳಾಗಿರುತ್ತದೆ. ಸ್ಟ್ರೌಸ್ ಗೀತೆಗಳ ತಟ್ಟೆಗಳು ಹೀಗೆ ಬಹಳ ಸವೆದ ಮೇಲೆ ಮೊದಲ ಬಾರಿಗೆ ದೀರ್ಘಾವಧಿ ಮುದ್ರಿಕೆಗೆ ಏರಿದವು. ಆ ಪ್ರತಿ ತೀರ ಕಳಪೆಯೆಂದು ಬಹುಮಂದಿ ಕೈಬಿಟ್ಟರು. ಅನಂತರ 2007ರಲ್ಲಿ ರೋಜರ್ ಬಿಯರ್ಡ್ಸ್‌ಲಿ ಎಂಬವರೂ 2014ರಲ್ಲಿ ಆಂಡ್ರ್ಯೂ ರೋಸ್ ಎಂಬವರೂ ಹೊಸ ಸಾಧನಗಳಿಂದ ಅದನ್ನು ಶುದ್ಧಿಗೊಳಿಸಿ ಹೊರತಂದರು. ನಾನು ವಿದ್ಯಾರ್ಥಿಗಳಿಗೆ ಕೇಳಿಸಿದ್ದು ಬೇಕೆಂದೇ ಹಳೆಯ ಪ್ರತಿಯನ್ನು. ಮುಂದಿನ ವಾರ ಶುದ್ಧ ಪ್ರತಿಯನ್ನು ಕೇಳಿಸಿದಾಗ ಅದೇ ಹುಡುಗ, “ಇದು ಬೇರೆಯವರು ಹಾಡಿದ್ದೋ ಸರ್?” ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ತಮಾಷೆಯಿರಲಿಲ್ಲ.

ಬೇರೆಯವರಲ್ಲ, ಅದೇ ಸಂಜೆ, ಅದೇ ಕಂಠ. ಹಾಗಾದರೆ ನಡುವಣ ಅಷ್ಟು ವರ್ಷ ಆ ಕಳಪೆ ಪ್ರತಿಯನ್ನು ಕೇಳಿ ‘ವೃಂದ ಮಂಕಾಗಿದೆ, ತಂತಿವಾದ್ಯಗಳಲ್ಲಿ ತೇಜಸ್ಸಿಲ್ಲ’ ಎಂದುಕೊಂಡವರು ಯಾರ ವಿಮರ್ಶೆ ಮಾಡಿದಂತಾಯಿತು? ಕನ್ನಡ ಅಧ್ಯಾಪಕನಿಗೆ ಈ ಪ್ರಶ್ನೆ ಅಪರಿಚಿತವಲ್ಲ. ‘ವಿಕ್ರಮಾರ್ಜುನ ವಿಜಯ’ ಮೊದಲು ಅಚ್ಚಾದದ್ದು 1898ರಲ್ಲಿ, ರೈಸ್ ಅವರ ಸಂಪಾದನೆಯಲ್ಲಿ. ಸಾಹಿತ್ಯ ಪರಿಷತ್ತಿನ ಮುದ್ರಣ, ಬೆಳ್ಳಾವೆ ವೆಂಕಟನಾರಣಪ್ಪನವರ ಸಂಪಾದನೆಯಲ್ಲಿ, ಹೊರಬಂದದ್ದು 1931ರಲ್ಲಿ. ಓಲೆಯನ್ನು ಪ್ರತಿಮಾಡಿದವನು ಒಂದು ಗಣವನ್ನು ನುಂಗಿದ್ದರೆ ಪಂಪನಿಗೆ ಛಂದಸ್ಸು ಬರುತ್ತಿರಲಿಲ್ಲವೆಂದು ತೀರ್ಪು ಕೊಡುವವರನ್ನು ನಾವು ವಿಮರ್ಶಕರೆಂದು ಕರೆಯುವುದಿಲ್ಲ. ಲಿಪಿಕಾರನ ದೋಷ ಬೇರೆ, ಕವಿಯ ದೋಷ ಬೇರೆ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಧ್ವನಿಮುದ್ರಣದಲ್ಲಿ ಮೈಕ್ರೊಫೋನು, ಕೊರೆಯುವ ಮುಳ್ಳು, ತಟ್ಟೆ, ಸುರುಳಿ, ಆಮೇಲೆ ಪ್ರತಿಮಾಡಿದವನ ಯಂತ್ರ, ಇವೆಲ್ಲವೂ ಲಿಪಿಕಾರರೇ. ಆದರೆ ಇಲ್ಲಿ ಒಂದು ತೊಡಕು ಹೆಚ್ಚು. ಓಲೆಯ ಲಿಪಿಕಾರ ಎಡವಿದಲ್ಲಿ ಅರ್ಥ ಕೆಡುತ್ತದೆ, ಛಂದಸ್ಸು ಮುರಿಯುತ್ತದೆ. ಓದುಗನಿಗೆ ಅನುಮಾನ ಹುಟ್ಟುತ್ತದೆ. ಯಂತ್ರ ಎಡವಿದಲ್ಲಿ ಅನೇಕ ವೇಳೆ ಅನುಮಾನವೇ ಹುಟ್ಟುವುದಿಲ್ಲ. ಅದರ ತಪ್ಪು ಕಲಾವಿದನ ಶೈಲಿಯ ವೇಷ ಹಾಕಿಕೊಂಡು ಬರುತ್ತದೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಅವಮಾನದಿಂದ ಕಲಿತೆ. ಎಂ.ಎ. ಓದುತ್ತಿದ್ದಾಗ ಯಕ್ಷಗಾನದ ಹಾಡಿಕೆಯ ಬಗ್ಗೆ ಒಂದು ಪ್ರಬಂಧವನ್ನು ವಿಚಾರಗೋಷ್ಠಿಯಲ್ಲಿ ಓದಿದೆ. ಆಧಾರ, ನನ್ನ ಸೋದರಮಾವ 1980ರ ದಶಕದಲ್ಲಿ ಒಂದು ಬಯಲಾಟದಲ್ಲಿ ಮುದ್ರಿಸಿಕೊಂಡಿದ್ದ ನಾಲ್ಕು ಕ್ಯಾಸೆಟ್ಟುಗಳು. ನಡುರಾತ್ರಿಯಿಂದ ಬೆಳಗಿನ ಮಂಗಳದವರೆಗೆ ಒಬ್ಬರೇ ಭಾಗವತರು ಹಾಡಿದ ಭಾಗ ಅದು. ನಾನು ಶ್ರದ್ಧೆಯಿಂದ ಹತ್ತಾರು ಸಲ ಕೇಳಿ, ಟಿಪ್ಪಣಿ ಮಾಡಿ, ಒಂದು ಸಿದ್ಧಾಂತವನ್ನೇ ಕಟ್ಟಿದ್ದೆ: ಈ ಭಾಗವತರು ನಡುರಾತ್ರಿಯಲ್ಲಿ ಸಮಾಧಾನಿಗಳು, ಬೆಳಗಾಗುತ್ತ ಬಂದಂತೆ ಲಯದ ಮೇಲಿನ ಹಿಡಿತ ಸಡಿಲಿ ಅವಸರಕ್ಕೆ ಬೀಳುತ್ತಾರೆ, ಆವೇಶದಲ್ಲಿ ಶ್ರುತಿಯನ್ನೂ ಮೀರುತ್ತಾರೆ. ನಡುರಾತ್ರಿಯ ಕಪ್ಪು ಎರಡು ಬೆಳಗಿನ ಜಾವಕ್ಕೆ ಬಿಳಿ ಮೂರನ್ನೂ ದಾಟಿತ್ತೆಂದು ಹಾರ್ಮೋನಿಯಂ ಒತ್ತಿ ತೋರಿಸಿದೆ. ಗೋಷ್ಠಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವೃದ್ಧ ಮದ್ದಳೆಗಾರರು ನಿಧಾನವಾಗಿ ಎದ್ದರು. “ಅಲ್ಲ ಮಾರಾಯರೇ, ಭಾಗವತರು ಏರಿದರು, ಇರಲಿ. ಶ್ರುತಿಪೆಟ್ಟಿಗೆಯೂ ಅವರೊಟ್ಟಿಗೆ ಏರಿತೋ?” ಎಂದಷ್ಟೇ ಕೇಳಿ ಕುಳಿತರು.

ಮನೆಗೆ ಬಂದು ಕೇಳಿದೆ. ಶ್ರುತಿಪೆಟ್ಟಿಗೆಯೂ ಏರಿತ್ತು! ಲೋಹದ ನಾಲಗೆಯ ಆ ಪೆಟ್ಟಿಗೆಗೆ ಆವೇಶ ಬರುವುದು ಹೇಗೆ? ಮಾವನನ್ನು ವಿಚಾರಿಸಿದಾಗ ಗುಟ್ಟು ತಿಳಿಯಿತು. ಗದ್ದೆಯಲ್ಲಿ ಆಟ, ವಿದ್ಯುತ್ತಿನ ಸೌಕರ್ಯ ರಂಗಸ್ಥಳದ ದೀಪಕ್ಕೇ ಸಾಲದು, ಟೇಪ್ ರೆಕಾರ್ಡರು ನಡೆದದ್ದು ಬ್ಯಾಟರಿಯಲ್ಲಿ. ರಾತ್ರಿ ಕಳೆದಂತೆ ಬ್ಯಾಟರಿ ಸೋತು ಸುರುಳಿ ನಿಧಾನವಾಗಿ ಸರಿಯಿತು. ನಿಧಾನವಾಗಿ ಬರೆದದ್ದನ್ನು ಮನೆಯ ಕರೆಂಟಿನಲ್ಲಿ ಸರಿಯಾದ ವೇಗಕ್ಕೆ ತಿರುಗಿಸಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ವೇಗ ಶೇಕಡಾ 6ರಷ್ಟು ಹೆಚ್ಚಿದರೆ ಸಾಕು, ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು ಮೇಲಕ್ಕೆ ಹೋಗುತ್ತದೆ. ನಾನು ಬರೆದ ಹದಿನೆಂಟು ಪುಟ ಭಾಗವತರ ಶೈಲಿಯ ವಿಮರ್ಶೆಯಾಗಿರಲಿಲ್ಲ, ಬ್ಯಾಟರಿಯ ವಿಮರ್ಶೆಯಾಗಿತ್ತು. ಆ ಭಾಗವತರು ಆಗ ಬದುಕಿರಲಿಲ್ಲ; ಕ್ಷಮೆ ಕೇಳಲು ಮನೆಯ ಬಾಗಿಲೂ ನನಗೆ ಉಳಿದಿರಲಿಲ್ಲ.

ಆ ಮದ್ದಳೆಗಾರರು ಕೇಳಿದ ಪ್ರಶ್ನೆಯೇ ಈ ಬಗೆಯ ವಿಮರ್ಶೆಗೆ ಕೀಲಿಕೈಯೆಂದು ನನಗೆ ತೋರುತ್ತದೆ. ಮುದ್ರಣದಲ್ಲಿ ಕಲಾವಿದನ ಇಚ್ಛೆಗೆ ಒಳಪಡದ ವಸ್ತು ಯಾವುದಿದೆ, ಅದು ಏನು ಹೇಳುತ್ತದೆ? ಪಾಶ್ಚಾತ್ಯ ಮುದ್ರಣಗಳನ್ನು ಶುದ್ಧಿಗೊಳಿಸುವವರು ಇದೇ ಉಪಾಯವನ್ನು ಬಳಸುತ್ತಾರೆ. ವಿದ್ಯುದ್ಯಂತ್ರದ ‘ಗುಂಯ್’ ಎಂಬ ಸಣ್ಣ ಮೊರೆತ, ನಾವೆಲ್ಲರೂ ಶಪಿಸುವ ಆ ದೋಷ, ಹಳೆಯ ಮುದ್ರಣಗಳ ತಳದಲ್ಲಿ ಅನೇಕ ವೇಳೆ ಉಳಿದಿರುತ್ತದೆ. ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ಅದರ ಮೂಲ ಸೆಕೆಂಡಿಗೆ ಸುಮಾರು 50 ಆವರ್ತದ ವಿದ್ಯುತ್ತು. ಮೊರೆತವನ್ನು ಹುಡುಕಿ, ಅದು ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ಅಳೆದರೆ ತಟ್ಟೆ ಎಷ್ಟು ವೇಗದಲ್ಲಿ ತಿರುಗಿತ್ತೆಂಬುದು ತಿಳಿಯುತ್ತದೆ. ದೋಷವೇ ಸಾಕ್ಷಿಯಾಗುವ ಈ ಚಮತ್ಕಾರ ನನಗೆ ಬಹಳ ಹಿಡಿಸಿದೆ. ಓಲೆಯಲ್ಲಿ ಹುಳ ತಿಂದ ತೂತುಗಳ ಸಾಲನ್ನು ನೋಡಿ ಗರಿಗಳ ಕ್ರಮವನ್ನು ಗುರುತಿಸುವುದಕ್ಕೆ ಇದು ಸಮಾನ.

ಹಾಗಾದರೆ ಮಬ್ಬಾದ ಮುದ್ರಣವೊಂದನ್ನು ಮುಂದಿಟ್ಟುಕೊಂಡು ಯಾವುದನ್ನು ತೂಗಬಹುದು, ಯಾವುದನ್ನು ತೂಗಬಾರದು? ವೇಗ ನಂಬತಕ್ಕದ್ದೆಂದು ಖಾತ್ರಿಯಾದ ಮೇಲೆ ಕಾಲಪ್ರಮಾಣವನ್ನು ಧೈರ್ಯವಾಗಿ ತೂಗಬಹುದು. ಗಾಯಕಿ ಎಲ್ಲಿ ಉಸಿರೆಳೆದರು, ಒಂದು ಸಾಲನ್ನು ಎಷ್ಟು ದೂರ ಒಯ್ದರು, ಅವರಿಗಾಗಿ ವೃಂದ ಎಲ್ಲಿ ಕಾದಿತು, ಎಲ್ಲಿ ಕಾಯದೆ ಮುಂದೆ ಸಾಗಿತು, ಇವೆಲ್ಲ ಸಿಡಿತದ ಮರೆಯಿಂದಲೂ ಸ್ಪಷ್ಟವಾಗಿ ಕಾಣುತ್ತವೆ. ಆಲ್ಬರ್ಟ್ ಹಾಲಿನ ಆ ಸಂಜೆ ಐವತ್ತನಾಲ್ಕರ ಫ್ಲಾಗ್‌ಸ್ಟಾಡ್ ಅವರು ದೀರ್ಘ ಸಾಲುಗಳನ್ನು ಅವಸರವಿಲ್ಲದೆ ಎಳೆಯುವ ಬಗೆಯನ್ನು ಮೆಚ್ಚಲು ಯಾವ ಶುದ್ಧಿಯೂ ಬೇಕಿಲ್ಲ. ಮುದ್ರಿತ ಕೃತಿಯಲ್ಲಿ ಮೊದಲು ಬರುವ ವಸಂತದ ಗೀತೆ ಅಂದು ಮೂರನೆಯದಾಗಿ ಬಂದಿತು. ನಿದ್ರೆಗೆ ಸಾಗುವ ಗೀತೆ ಮೊದಲಾಯಿತು. ಈ ಕ್ರಮದಿಂದ ನಾಲ್ಕರ ಭಾವ ಹೇಗೆ ಬದಲಾಯಿತೆಂದು ಚರ್ಚಿಸಲೂ ಅಡ್ಡಿಯಿಲ್ಲ.

ನಾದದ ಬಣ್ಣದ ಮಾತು ಬಂದಲ್ಲಿ ಮಾತ್ರ ನಿಲ್ಲಬೇಕು. ವಾದ್ಯವೃಂದದ ಅತ್ಯಂತ ಕೆಳಗಿನ ತಂತಿವಾದ್ಯ ಸೆಕೆಂಡಿಗೆ ಸುಮಾರು 41 ಕಂಪನದವರೆಗೆ ಇಳಿಯುತ್ತದೆ. ಪಿಟೀಲುಗಳ ಹೊಳಪು ಇರುವುದು ಸಾವಿರಾರು ಕಂಪನಗಳ ಎತ್ತರದಲ್ಲಿ. 1925ಕ್ಕೆ ಮೊದಲು, ಕಹಳೆಯ ಮುಂದೆ ಹಾಡಿ ಮುದ್ರಿಸುತ್ತಿದ್ದ ಕಾಲದಲ್ಲಿ, ಸ್ಥೂಲವಾಗಿ 250ರಿಂದ 2,500 ಕಂಪನಗಳ ನಡುವಿನದು ಮಾತ್ರ ತಟ್ಟೆಗೆ ಬರುತ್ತಿತ್ತು. ವಿದ್ಯುನ್ಮುದ್ರಣ ಬಂದಮೇಲೆ ಈ ಬಾಗಿಲು ವರ್ಷದಿಂದ ವರ್ಷಕ್ಕೆ ಅಗಲವಾಯಿತು. ಆದರೆ ಸವೆತ ಮೊದಲು ತಿನ್ನುವುದು ಎತ್ತರದ ನಾದವನ್ನೇ. ಉಳಿಯುವುದು ನಡುವಣ ಪಟ್ಟಿ. ಮನುಷ್ಯಕಂಠದ ಮನೆ ಅದೇ. ಆದುದರಿಂದ ಹಳೆಯ ಮುದ್ರಣವನ್ನು ಕೇಳಿದವರೆಲ್ಲ ‘ಕಂಠ ಅದ್ಭುತ, ವಾದ್ಯವೃಂದ ಸಾಧಾರಣ’ ಎನ್ನುತ್ತಾರೆ. ಅದು ವೃಂದದ ವರ್ಣನೆಯಲ್ಲ, ತಟ್ಟೆಯ ವರ್ಣನೆ.

ನಮ್ಮ ಕಡೆಯ ಹಿಮ್ಮೇಳಕ್ಕೂ ಇದೇ ಗತಿ. ಹಳೆಯ ಆಟದ ಕ್ಯಾಸೆಟ್ಟುಗಳಲ್ಲಿ ಭಾಗವತರ ಏರುಕಂಠವೂ ಚೆಂಡೆಯ ಪೆಟ್ಟೂ ಉಳಿದಿರುತ್ತವೆ; ಮದ್ದಳೆಯ ಎಡಮೈಯ ಗಂಭೀರ ನಾದ ಎಲ್ಲೋ ಕರಗಿರುತ್ತದೆ. ‘ಆಗಿನವರ ಮದ್ದಳೆ ಅಷ್ಟಕ್ಕಷ್ಟೇ’ ಎಂಬ ಮಾತನ್ನು ನಾನು ಬಹಳ ಕೇಳಿದ್ದೇನೆ. ಇನ್ನೊಂದು ಇದಕ್ಕಿಂತ ಮೋಸದ್ದು. ಮನೆಬಳಕೆಯ ಹೆಚ್ಚಿನ ಟೇಪ್ ರೆಕಾರ್ಡರುಗಳಲ್ಲಿ ಶಬ್ದದ ಮಟ್ಟವನ್ನು ತಾನಾಗಿ ಏರಿಸಿ ಇಳಿಸುವ ಒಂದು ವ್ಯವಸ್ಥೆಯಿತ್ತು. ಚೆಂಡೆ ಗುಡುಗಿದೊಡನೆ ಯಂತ್ರ ಬೆದರಿ ಎಲ್ಲವನ್ನೂ ತಗ್ಗಿಸುತ್ತದೆ. ಭಾಗವತರ ಪದವೂ ತಗ್ಗುತ್ತದೆ. ಚೆಂಡೆ ನಿಂತೊಡನೆ ಪದ ಉಬ್ಬಿ ಮೇಲೇಳುತ್ತದೆ. ಕೇಳಿದವನಿಗೆ ಭಾಗವತರು ಚೆಂಡೆಯ ಮುಂದೆ ಸೋತಂತೆಯೂ ಚೆಂಡೆಗಾರನಿಗೆ ಔಚಿತ್ಯಜ್ಞಾನ ಇಲ್ಲದಂತೆಯೂ ತೋರುತ್ತದೆ. ಗದ್ದೆಯ ಅಂಚಿನಲ್ಲಿ ಕುಳಿತು ಕೇಳಿದ ಸಾವಿರ ಜನರಿಗೆ ಹಾಗೆ ಕೇಳಿರಲಿಲ್ಲ. ದೊಡ್ಡ ವೃಂದಗಳ ಮುದ್ರಣದಲ್ಲಿ ಇದೇ ಕೆಲಸವನ್ನು ಮನುಷ್ಯನ ಕೈ ಮಾಡುತ್ತಿತ್ತು: ಉಚ್ಚನಾದ ಬರುವುದೆಂದು ತಿಳಿದ ತಂತ್ರಜ್ಞ ಮುಂಚೆಯೇ ಗುಂಡಿಯನ್ನು ತಿರುಗಿಸಿ ತಗ್ಗಿಸುತ್ತಿದ್ದ, ಇಲ್ಲವಾದರೆ ಮುಳ್ಳು ಪಕ್ಕದ ಗೆರೆಗೆ ನುಗ್ಗುತ್ತಿತ್ತು. ಆದುದರಿಂದ ಹಳೆಯ ಮುದ್ರಣ ಕೇಳಿ, ವೃಂದದ ನಾಯಕ ಏರುವ ಘಟ್ಟದಲ್ಲಿ ಅಳುಕಿದನೆಂದು ಬರೆಯುವುದು ಅವಿವೇಕ.

ಸಭಾಂಗಣವೂ ಒಬ್ಬ ಲಿಪಿಕಾರನೇ. 1871ರಲ್ಲಿ ತೆರೆದ ಆಲ್ಬರ್ಟ್ ಹಾಲಿನ ಗುಮ್ಮಟ ತನ್ನ ಪ್ರತಿಧ್ವನಿಗೆ ಕುಖ್ಯಾತವಾಗಿತ್ತು. ಅಲ್ಲಿ ಹೊಸ ಕೃತಿಯೊಂದನ್ನು ನುಡಿಸಿದರೆ ಎರಡು ಸಲ ಕೇಳಬಹುದೆಂದು ಲಂಡನ್ನಿನ ಸಂಗೀತಗಾರರು ನಗೆಯಾಡುತ್ತಿದ್ದರಂತೆ. ಅಣಬೆಯಾಕಾರದ ತಟ್ಟೆಗಳನ್ನು ತೂಗಹಾಕಿ ಆ ದೋಷವನ್ನು ತಗ್ಗಿಸಿದ್ದು 1969ರಲ್ಲಿ. ನಮ್ಮ ಕಚೇರಿಗೆ ಹತ್ತೊಂಬತ್ತು ವರ್ಷ ತಡವಾಗಿ. ಅಂಥ ಗುಮ್ಮಟದಡಿಯಲ್ಲಿ ವೃಂದವನ್ನು ನಡೆಸುವವನು ಪ್ರತಿಧ್ವನಿ ಅಡಗುವವರೆಗೆ ಕಾಯಲೇಬೇಕಾದೀತು. ತಟ್ಟೆಗೆ ಗುಮ್ಮಟ ಬರುವುದಿಲ್ಲ, ಕಾಯುವಿಕೆ ಮಾತ್ರ ಬರುತ್ತದೆ. ಆಗ ನಾವು ‘ಇಷ್ಟು ನಿಧಾನವೇಕೆ’ ಎನ್ನುತ್ತೇವೆ. ರುಮೇನಿಯಾದ ಸೆರ್ಜು ಚೆಲಿಬಿಡಾಕೆ ಎಂಬ ವೃಂದನಾಯಕರು ಧ್ವನಿಮುದ್ರಣವೆಂದರೆ ಬಹುಕಾಲ ದೂರವೇ ಉಳಿದದ್ದಕ್ಕೆ ಇದೂ ಒಂದು ಕಾರಣ. ಅವರಷ್ಟು ಹಟ ನನಗಿಲ್ಲ. ಮುದ್ರಣವಿಲ್ಲದಿದ್ದರೆ ಮಂಗಳೂರಿನವನಿಗೆ ಈ ಸಂಗೀತವೇ ಇರುತ್ತಿರಲಿಲ್ಲ.

ಸಭೆಯ ಮುದ್ರಣವನ್ನು ಮುದ್ರಣಶಾಲೆಯದಕ್ಕೆ ಹೋಲಿಸಿ ಕಡಿಮೆಯೆನ್ನುವ ರೂಢಿಯೂ ಒಂದಿದೆ. ಅದಕ್ಕೂ ಮೈಸೂರಿನ ಮಹಾರಾಜರೇ ಉದಾಹರಣೆಯನ್ನು ಒದಗಿಸಿದ್ದಾರೆ. ರಷ್ಯದಿಂದ ಬಂದು ಲಂಡನ್ನಿನಲ್ಲಿ ನೆಲಸಿ, ಮುಪ್ಪಿನಲ್ಲಿ ಬಡತನ ಅನಾರೋಗ್ಯಗಳಿಂದ ಬಳಲುತ್ತಿದ್ದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಮುದ್ರಿಸಲೆಂದೇ ಮಹಾರಾಜರು ಹಣ ಕೊಟ್ಟು ಮೆಟ್ನರ್ ಸಂಘವನ್ನು ಏರ್ಪಡಿಸಿದರು. 1947ರಲ್ಲಿ ಮೆಟ್ನರ್ ತಮ್ಮ ಮೂರು ಪಿಯಾನೋ ಕನ್ಚೆರ್ಟೊಗಳನ್ನೂ ಫಿಲ್ಹಾರ್ಮೋನಿಯಾ ವೃಂದದೊಡನೆ ನುಡಿಸಿ ಮುದ್ರಿಸಿದರು. ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. ನಾಲ್ಕು ವರ್ಷಗಳಲ್ಲಿ, 1951ರಲ್ಲಿ, ಅವರು ತೀರಿಕೊಂಡರು. ಈ ಮುದ್ರಣಗಳು ಆಲ್ಬರ್ಟ್ ಹಾಲಿನದಕ್ಕಿಂತ ಎಷ್ಟೋ ನಿರ್ಮಲ. ಆದರೆ ಆಗಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷ. ಕಲಾವಿದ ಅಷ್ಟಕ್ಕೆ ನಿಲ್ಲಬೇಕು, ತಪ್ಪಿದರೆ ಮತ್ತೆ ನುಡಿಸಬೇಕು, ಮತ್ತೆ ಮುಂದಿನ ತುಂಡಿಗೆ ಬಿಸಿಯೇರಬೇಕು. ಸಭೆಯಲ್ಲಿ ನುಡಿಸುವವನಿಗೆ ಹಿಂದೆ ಹೋಗಲು ದಾರಿಯಿಲ್ಲ. ಅಲ್ಲಿ ತಪ್ಪಿದ ಒಂದು ಸ್ವರ, ಮುಂದಿನ ಹತ್ತು ನಿಮಿಷದ ಏಕಾಗ್ರತೆಗೆ ತೆತ್ತ ಬೆಲೆಯಾಗಿರಬಹುದು. ಬರಿಯ ಅಜಾಗರೂಕತೆಯೂ ಆಗಿರಬಹುದು. ಯಾವುದೆಂದು ಹೇಳಬಲ್ಲವನೇ ವಿಮರ್ಶಕ. ಸಂಗೀತ ಪತ್ರಿಕೆಗಳು ‘ಹಾಡಿಕೆಗೆ ಇಷ್ಟು, ಶಬ್ದಕ್ಕೆ ಇಷ್ಟು’ ಎಂದು ಎರಡು ಅಂಕ ಕೊಡುವುದನ್ನು ನೋಡಿದಾಗ ನನಗೆ ಉತ್ತರಪತ್ರಿಕೆ ತಿದ್ದುವ ಕೊಠಡಿಯ ನೆನಪಾಗುತ್ತದೆ. ಬೇರ್ಪಡಿಸುವುದು ಅಷ್ಟು ಸುಲಭವಾಗಿದ್ದರೆ ಈ ಲೇಖನದ ಅಗತ್ಯವೇ ಇರಲಿಲ್ಲ.

ಇಷ್ಟು ಹೇಳಿದ್ದನ್ನು ಹಳೆಯದರ ವಕಾಲತ್ತೆಂದು ಯಾರೂ ತಿಳಿಯಬಾರದು. ಸಾಸಿವೆಯ ಹುಡುಗನಿಗಿಂತ ನನಗೆ ಹೆಚ್ಚು ಚಿಂತೆ ತಂದದ್ದು ಕಣ್ಣುಮುಚ್ಚಿದ ಸಹೋದ್ಯೋಗಿಗಳು. ಹುಡುಗ ಕೇಳಿಸದ್ದನ್ನು ಕೇಳಿಸುವುದಿಲ್ಲವೆಂದ. ಇವರು ಕೇಳಿಸದ್ದನ್ನು ಕಲ್ಪಿಸಿಕೊಂಡು ಮೆಚ್ಚಿದರು. ಇದೇ ಫುರ್ಟ್‌ವೆಂಗ್ಲರ್ 1942ರ ಮಾರ್ಚ್‌ನಲ್ಲಿ, ಯುದ್ಧದ ನಡುವೆ, ಬರ್ಲಿನ್ನಿನಲ್ಲಿ ಬೀಥೊವನ್ನನ ಒಂಬತ್ತನೆಯ ಸಿಂಫನಿಯನ್ನು ನಡೆಸಿದ ಮುದ್ರಣವೊಂದುಂಟು. (ಅದರಲ್ಲಿ ಹಾಡಿದ್ದು ಬ್ರೂನೊ ಕಿಟ್ಟೆಲ್ ಎಂಬವರ ಗಾಯಕವೃಂದ, ಹೆಸರು ಕೇಳಿ ನಮ್ಮವರು ಕಿವಿ ನಿಮಿರಿಸಬೇಕಾಗಿಲ್ಲ, ಇವರು ಬೇರೆ.) ಯುದ್ಧ ಮುಗಿದಾಗ ಸೋವಿಯತ್ ಪಡೆ ಒಯ್ದ ಧ್ವನಿಸುರುಳಿಗಳಿಂದ ಅದು ಮುಂದೆ ಲೋಕಕ್ಕೆ ಸಿಕ್ಕಿತು. ಅದರ ಕೊನೆಯ ಭಾಗದಲ್ಲಿ ಗಾಯಕರೂ ವಾದ್ಯಗಳೂ ಒಟ್ಟಿಗೆ ಮೊರೆಯುವಲ್ಲಿ ನಾದ ಬಿರಿದು ಕರ್ಕಶವಾಗುತ್ತದೆ. ಆ ಕರ್ಕಶದಲ್ಲಿ ಯುದ್ಧದ ಭೀಕರತೆಯನ್ನು, ನಾಯಕನ ಆರ್ತಕೋಪವನ್ನು ಕಂಡವರು ಅನೇಕರು. ಆ ದಿನಗಳ ಉದ್ವೇಗ ಆ ನುಡಿಸಾಣಿಕೆಯಲ್ಲಿ ಇದ್ದೇ ಇದೆ. ಅದರ ವೇಗದಲ್ಲಿ, ಹಠಾತ್ತನೆ ನುಗ್ಗುವ ರೀತಿಯಲ್ಲಿ ಅದು ಕಾಣುತ್ತದೆ. ಆದರೆ ಬಿರಿತದ ಒಂದು ಪಾಲು ತಾಳಲಾರದಷ್ಟು ನಾದವನ್ನು ಹೊರಿಸಿದಾಗ ಮುದ್ರಣಯಂತ್ರ ಇಟ್ಟ ಕೂಗು. ಅದನ್ನೂ ಕಲಾವಿದನ ಲೆಕ್ಕಕ್ಕೆ ಸೇರಿಸಿ ಮಹಾಕಲೆಯೆನ್ನುವುದು, ನಾನು ಬ್ಯಾಟರಿಯನ್ನು ಭಾಗವತರ ಲೆಕ್ಕಕ್ಕೆ ಸೇರಿಸಿ ದೂಷಿಸಿದ್ದಕ್ಕಿಂತ ಏನೂ ಉತ್ತಮವಲ್ಲ. ನಮ್ಮ ಆಲಂಕಾರಿಕರು ವಾಚ್ಯಾರ್ಥದಾಚೆಗೆ ಹೊಳೆಯುವುದನ್ನು ಧ್ವನಿಯೆಂದು ಕರೆದರು, ನಿಜ. ಸವೆದ ತಟ್ಟೆಯ ಕರಕರವೆಲ್ಲ ಆ ಧ್ವನಿಯಾಗಲಾರದು.

ಶುದ್ಧಿಕಾರರ ಮೇಲೂ ಒಂದು ಕಣ್ಣಿರಬೇಕು. ಸಿಡಿತವನ್ನು ಪೂರ್ತಿ ಅಳಿಸಹೊರಟರೆ ಅದರೊಡನೆ ಪಿಟೀಲಿನ ಹೊಳಪೂ ಅಳಿಯುತ್ತದೆ. ಕಂಠ ಹತ್ತಿಯಲ್ಲಿ ಸುತ್ತಿಟ್ಟಂತೆ ಆಗುತ್ತದೆ. ಛಂದಸ್ಸು ಸರಿಹೋಗಲೆಂದು ತನ್ನದೇ ಪದ ಸೇರಿಸುವ ಸಂಪಾದಕರನ್ನು ನಾವು ಬಲ್ಲೆವು. ಸಭೆಯ ಕೆಮ್ಮನ್ನು ತೆಗೆಯುವುದರಲ್ಲಿ ನನ್ನ ತಕರಾರಿಲ್ಲವಾದರೂ, ಗೀತೆ ಮುಗಿದ ಮೇಲೆ ಚಪ್ಪಾಳೆಗೆ ಮೊದಲು ಬರುವ ಎರಡು ಗಳಿಗೆಯ ಮೌನವನ್ನು ಕತ್ತರಿಸುವವರನ್ನು ನಾನು ಕ್ಷಮಿಸಲಾರೆ. ಸಿಡಿತ ತುಂಬಿದ ಆ ಮೌನದಲ್ಲಿ ಸಾವಿರಾರು ಮಂದಿ ಉಸಿರು ಹಿಡಿದು ಕುಳಿತಿರುತ್ತಾರೆ. ಸಾಧ್ಯವಿದ್ದವರು ಶುದ್ಧ ಮಾಡದ ಪ್ರತಿಯನ್ನೂ ಪಕ್ಕದಲ್ಲಿಟ್ಟುಕೊಂಡು ಕೇಳುವುದು ಲೇಸು. ಮೊದಲ ಹತ್ತು ನಿಮಿಷ ಏನನ್ನೂ ತೀರ್ಮಾನಿಸದೆ ಸುಮ್ಮನೆ ಕುಳಿತರೆ ಕಿವಿ ತಾನಾಗಿ ಸಿಡಿತವನ್ನು ಬದಿಗೆ ಸರಿಸಲು ಕಲಿಯುತ್ತದೆಂಬುದು ನನ್ನ ಅನುಭವ.

ಲಂಡನ್ನಿನ ಒಂದು ಸಂಜೆಗಾಗಿ ಇಷ್ಟೆಲ್ಲ ಮಾತೇಕೆಂದು ಕೇಳುವವರಿಗೆ ನಮ್ಮ ಊರಿನ ಮನೆಗಳ ಅಟ್ಟವನ್ನು ತೋರಿಸುತ್ತೇನೆ. ಕರಾವಳಿಯಲ್ಲಿ 1970, 80ರ ದಶಕಗಳ ಆಟಗಳನ್ನೂ ತಾಳಮದ್ದಳೆಗಳನ್ನೂ ಆಸಕ್ತರು ತಮ್ಮ ತಮ್ಮ ಯಂತ್ರಗಳಲ್ಲಿ ತುಂಬಿಕೊಂಡರು. 1990ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ಅಪಘಾತದಲ್ಲಿ ತೀರಿಹೋದ ಕಾಳಿಂಗ ನಾವಡರ ಕಂಠವನ್ನು ಇಂದಿನ ಹುಡುಗರು ಬಲ್ಲದ್ದು ಇಂಥ ಕ್ಯಾಸೆಟ್ಟುಗಳ ಪುಣ್ಯದಿಂದ. 2006ರಲ್ಲಿ ಅಗಲಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಎಷ್ಟೋ ರಾತ್ರಿಗಳೂ ಹೀಗೆಯೇ ಉಳಿದಿವೆ. ದೊಡ್ಡ ಹೆಸರಿನವರದು ಹೇಗೋ ಉಳಿಯುತ್ತದೆ. ಹೆಸರಿಲ್ಲದವರ ಪಾಡು ಬೇರೆ. ನಮ್ಮ ಮಳೆಗೆ ಸುರುಳಿ ಬೂಜು ಹಿಡಿಯುತ್ತದೆ, ನುಡಿಸುವ ಯಂತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯವರು ಹೇಗೋ ಒಂದನ್ನು ಹಾಕಿ ನೋಡುತ್ತಾರೆ; ಕರಕರ ಕೇಳುತ್ತದೆ; ‘ಇದರಲ್ಲೇನೂ ಇಲ್ಲ’ ಎಂಬ ತೀರ್ಪಾಗುತ್ತದೆ; ಮರುದಿನ ಪೆಟ್ಟಿಗೆ ಗುಜರಿಗೆ ಹೋಗುತ್ತದೆ. ಕಳೆದ ವರ್ಷ ಪರಿಚಿತರೊಬ್ಬರ ಮನೆಯಲ್ಲಿ ನಾನು ತಲುಪುವ ಮೊದಲೇ ಎರಡು ಪೆಟ್ಟಿಗೆ ಹೋಗಿದ್ದವು. ಮೂರನೆಯದು ತುಂಬಿಲ್ಲವೆಂದು ಉಳಿದಿತ್ತು. ಮೇಲಿನ ಚೀಟಿಗಳು ಅಳಿಸಿಹೋಗಿವೆ. ಯಾರ ಹಾಡು, ಯಾವ ಪ್ರಸಂಗ ಎಂಬುದನ್ನು ಈಗ ಒಂದೊಂದಾಗಿ ಗುರುತಿಸುತ್ತಿದ್ದೇನೆ. ಕೇಳಿಸದ್ದನ್ನು ಮೊದಲು ಪ್ರತಿಮಾಡಿಸುತ್ತೇನೆ, ಕೇಳಿಸುವುದನ್ನು ಆಮೇಲೆ.

ಅದಕ್ಕಿಂತ ಮೊದಲು ಮಾವನ ನಾಲ್ಕು ಕ್ಯಾಸೆಟ್ಟುಗಳ ಕೆಲಸ ಮುಗಿಸಿದೆ. ಕಂಪ್ಯೂಟರಿಗೆ ಏರಿಸಿ, ಶ್ರುತಿಪೆಟ್ಟಿಗೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಅದು ಏರಿದ ಕಡೆಯಲ್ಲೆಲ್ಲ ವೇಗವನ್ನು ಅಷ್ಟಷ್ಟೇ ತಗ್ಗಿಸುತ್ತ ಬಂದೆವು. ಯಂತ್ರ ಬಲ್ಲ ನನ್ನ ವಿದ್ಯಾರ್ಥಿಯೊಬ್ಬ ಎರಡು ಭಾನುವಾರ ನನ್ನೊಡನೆ ಕುಳಿತ. ಅವನು ಬೇರೆ ಯಾರೂ ಅಲ್ಲ, ಸಾಸಿವೆ ಸಿಡಿದದ್ದನ್ನು ಕೇಳಿದವನೇ. ಕೊನೆಯ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಿನಲ್ಲಿ ದೂರದಲ್ಲೊಂದು ಕೋಳಿ ಕೂಗುತ್ತದೆ, ಯಾರೋ ಚಾಪೆ ಮಡಚುತ್ತಾರೆ, ಭಾಗವತರು ಮಂಗಳಕ್ಕೆ ಬರುತ್ತಾರೆ. ನಾನು ಹದಿನೆಂಟು ಪುಟ ಬರೆದಿದ್ದ ಆ ಅವಸರ ಎಲ್ಲಿಯೂ ಇರಲಿಲ್ಲ. ಇಡೀ ರಾತ್ರಿ ಹಾಡಿದ ಮನುಷ್ಯ ಅಲ್ಲಿ ಕಾಲವನ್ನು ಇನ್ನಷ್ಟು ಹಿಂದಕ್ಕೆ ಎಳೆದಿದ್ದಾರೆ. ಕಪ್ಪು ಎರಡರಲ್ಲೇ, ಕೂದಲೆಳೆಯಷ್ಟೂ ಏರದೆ. ಹುಡುಗ ಕಿವಿಗೆ ಹಾಕಿಕೊಂಡಿದ್ದ ಯಂತ್ರವನ್ನು ತೆಗೆದು, “ಇನ್ನೊಮ್ಮೆ ಹಾಕಲೋ ಸರ್?” ಎಂದು ಕೇಳಿದ.